ಹತ್ತಿರದ ಕೋಣೆಯ ಬಾಡಿಗೆ

ದೆಹಲಿ
4 ಜೂನ್ 2025

ಹುಸೇನಕ್ಕಾ,

ಶಿವಾಜಿನಗರದ ನಿಮ್ಮ ಇಸ್ತ್ರಿ ಕೆಲಸದವರ ಸಂಘದ ಕಚೇರಿಗೇ ಬರೆಯುತ್ತಿದ್ದೇನೆ. ಇರುವ ಒಂದು ಫೋನು ಮೇಡಹಳ್ಳಿಯ ಮನೆಯಲ್ಲಿ ನಮ್ಮತ್ತೆಯ ಹತ್ತಿರ ಇರುತ್ತದೆ, ನನ್ನ ಜೊತೆ ಮಾತಾಡಬೇಕಾದರೆ ಕಾಗದ ಹಾಕು ಅಂದಿದ್ದೆಯಲ್ಲ. ಇಲ್ಲಿಯ ಬಿಸಿಲಿಗೆ ಪೆನ್ನೂ ಬೆವರುತ್ತಿದೆ.

ಮೇಡಹಳ್ಳಿ ಬಸ್‌ಸ್ಟಾಪಿನಲ್ಲಿ ನಾನು ಸಮೀಕ್ಷೆಯ ಹಾಳೆ ಹಿಡಿದು ನಿಂತ ಬೆಳಗು ನೆನಪಿದೆಯಾ? ಹೆಸರು ಕೇಳಿ, ಧರ್ಮದ ಕಾಲಂನಲ್ಲಿ ನಾನೇ ಗುರುತು ಹಾಕಹೊರಟಾಗ ನೀನು ನಕ್ಕುಬಿಟ್ಟೆ. "ಏ ತಂಗಿ, ಕೈ ತಡಿ! ನಮ್ಮವ್ವ ಅಲಾಯಿ ದೇವರಿಗೆ ಹರಕಿ ಹೊತ್ತು ನನ್ನ ಹಡದಾಳ, ಅದಕ್ಕ ಹುಸೇನಮ್ಮ. ನಮ್ಮ ಸುರಪುರದ ಕಡಿ ಓಣಿಗೊಬ್ಬಾಕಿ ಹುಸೇನಮ್ಮ, ಮನಿಗೊಬ್ಬ ಸಾಯಬಣ್ಣ. ನಾವು ಹಿಂದೂ ಮಂದಿನ. ಆದ್ರ ಮೊಹರಂನ್ಯಾಗ ಕೆಂಡ ತುಳಿಯೋರು ನಾವ." ಆವತ್ತು ನನ್ನ ಬಸ್ಸೂ ತಪ್ಪಿತು, ನಿನ್ನದೂ ತಪ್ಪಿತು.

ಆ ಹಾಳೆಗಳೆಲ್ಲ ಈಗ ನನ್ನ ಮುಂದಿವೆ. ನನ್ನ ಪಿಎಚ್.ಡಿ. ಪ್ರಬಂಧಕ್ಕೆ ನಾನು ಮಾಡುತ್ತಿರುವುದು ಇಷ್ಟು: ಒಂದೇ ಅಳತೆಯ ಎರಡು ಕೋಣೆ, ಒಂದು ಮೆಟ್ರೋ ಹತ್ತಿರ, ಒಂದು ದೂರ. ಹತ್ತಿರದ್ದಕ್ಕೆ ಜನ ಹೆಚ್ಚು ಬಾಡಿಗೆ ಕೊಡುತ್ತಾರೆ. ಆ ಹೆಚ್ಚಿನ ದುಡ್ಡು ಅವರು ದಾರಿಯಲ್ಲಿ ಉಳಿಸಿಕೊಂಡ ಹೊತ್ತಿನ ಬೆಲೆ. ಹೀಗೆ ಊರಿನ ಒಂದು ಗಂಟೆಗೆ ಎಷ್ಟು ಬೆಲೆಯೆಂದು ಬಾಡಿಗೆಯಿಂದಲೇ ಹೇಳಬಹುದು. ಹಲಸೂರಿನಿಂದ ಕೆ.ಆರ್. ಪುರದವರೆಗೂ ಮನೆಗಳು ನನ್ನ ಗ್ರಾಫಿನ ಒಂದು ಗೆರೆಯ ಮೇಲೆ ಹಕ್ಕಿಗಳ ಹಾಗೆ ಸಾಲಾಗಿ ಕೂತಿವೆ. ನಿನ್ನ ಮನೆ ಮಾತ್ರ ಕೂರುತ್ತಿಲ್ಲ. ಮೇಡಹಳ್ಳಿಯ ಶೀಟಿನ ಕೋಣೆಗೆ ನೀನು ಕೊಡುವ ದುಡ್ಡಿಗೆ ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೋ ಪಕ್ಕದ ಹಳೆ ವಠಾರದಲ್ಲೇ ಕೋಣೆ ಸಿಗುತ್ತದೆ! ನಮ್ಮ ಗೈಡು "ಇದು ತಪ್ಪು ಲೆಕ್ಕ, ತೆಗೆದುಹಾಕು" ಅನ್ನುತ್ತಾರೆ.

ತೆಗೆಯುವ ಬದಲು ನಿನ್ನನ್ನೇ ಹತ್ತಿರ ತಂದರೆ? ಗರುಡಾಚಾರ್‌ಪಾಳ್ಯದಲ್ಲಿ ನಮ್ಮ ತಾತ ಮುನಿಆಂಜನಪ್ಪನ ವಠಾರವಿದೆ. ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ, ಈಗ ಕೋಣೆ ಬೆಳೆಯುತ್ತಾನೆ. ಮೂಲೆಯ ಕೋಣೆ ಖಾಲಿಯಿದೆಯಂತೆ. ತಾತನಿಗೂ ನನಗೂ ಮಾತು ಕಡಿಮೆ, ಅಜ್ಜಿ ಪಟಾಲಮ್ಮನಿಗೆ ನನ್ನ ಹೆಸರು ಹೇಳು. ಸಾಕು.

ನಿನ್ನ
ಹಂಸ

*

ಶಿವಾಜಿನಗರ
19 ಜೂನ್ 2025

ತಂಗಿ ಹಂಸ,

ನಿನ್ನ ಕಾಗದ ಸಂಘದ ಕುರ್ಚಿಯ ಮೇಲೆ ಕೂತು ನನಗಾಗಿ ಕಾಯುತ್ತಿತ್ತು. ಜೀವಮಾನದಲ್ಲಿ ನನಗಾಗಿ ಕಾದದ್ದು ಅದೊಂದೇ. ಉಳಿದಿದ್ದಕ್ಕೆಲ್ಲ ನಾನೇ ಕಾದಿದ್ದೇನೆ.

ನನ್ನ ಮನೆ ತಪ್ಪು ಲೆಕ್ಕವೇ? ನಿಮ್ಮ ಗೈಡಿಗೆ ಹೇಳು, ಮಳೆ ಬಂದಾಗ ಆ ಶೀಟಿನ ಕೆಳಗೆ ಒಂದು ದಿನ ಕೂತರೆ ಲೆಕ್ಕ ತಾನೇ ಕಿವಿಗೆ ಬೀಳುತ್ತದೆ ಅಂತ.

ನೀನು ದಾರಿಯ ಹೊತ್ತು ಎಂದದ್ದು ನನಗೆ ಏನೆಂದು ಹೇಳಲಾ? ಮೊದಲ ಬಸ್ಸು, ಅದಕ್ಕೇ ಕಿಟಕಿ ಸೀಟು. ಹೆಂಗಸರ ಪುಕ್ಕಟೆ ಪಿಂಕ್ ಟಿಕೆಟ್ ಕೈಗೆ ಬಂದ ಕೂಡಲೇ ಕಣ್ಣು ಮುಚ್ಚುತ್ತದೆ. ಕೆ.ಆರ್. ಪುರದ ತೂಗುಸೇತುವೆಯ ತಂತಿಗಳು ಕನಸಿನಲ್ಲಿ ದೊಡ್ಡ ಮಗ್ಗವಾಗುತ್ತವೆ. ಅದರಲ್ಲಿ ಬಿಳಿ ಬಟ್ಟೆ ನೇಯುತ್ತೇನೆ. ಬೆನ್ನಿಗಾನಹಳ್ಳಿ ಕೆರೆ ಬಂದಾಗ ಅದನ್ನು ನೀರಿನ ಮೇಲೆ ಹಾಸುತ್ತೇನೆ, ಒಂದು ಸುಕ್ಕೂ ಇರುವುದಿಲ್ಲ. ಇಂದಿರಾನಗರದ ಹತ್ತಿರ ಅದು ಎದ್ದು ನಿಂತು ಕೋಣೆಯಾಗುತ್ತದೆ. ಪೂರ್ವಕ್ಕೆ ಒಂದು ಕಿಟಕಿ. ಹಲಸೂರಿನಲ್ಲಿ ಕಂಡಕ್ಟರ್ ಕೂಗಿದ ಕೂಡಲೇ ಕೋಣೆ ಒಡೆದುಹೋಗುತ್ತದೆ. ಆಮೇಲೆ ಶೆಡ್ಡು, ಆಸ್ಪತ್ರೆಯ, ಹೋಟೆಲಿನ ಹಾಸಿಗೆ ಬಟ್ಟೆಗಳ ಗುಡ್ಡ, ಇಸ್ತ್ರಿ. ಊರಿನವರ ನಿದ್ದೆಯ ಸುಕ್ಕು ತೆಗೆಯುವವಳು ನಾನು. ನನ್ನ ನಿದ್ದೆ ಬಸ್ಸಿನಲ್ಲಿ.

ಮಗಳು ಶಾಂಭವಿಗೆ ನಾಲ್ಕು ವರ್ಷ. ಅವಳು ಏಳುವ ಮೊದಲು ನಾನು ಹೊರಟಿರುತ್ತೇನೆ, ತಿರುಗಿ ಬಂದಾಗ ಅವಳ ಕಣ್ಣು ಮುಚ್ಚಿರುತ್ತದೆ. ಮೊನ್ನೆ ಶಾಂಭವಿ ನಮ್ಮತ್ತೆ ಸಾಬಮ್ಮನಿಗೆ ಹೇಳಿದಳಂತೆ: "ಆಯಿ, ಕನಸಿನ್ಯಾಗ ಅವ್ವ ಬಂದಿದ್ಲು. ತಲಿ ನೇವರಿಸಿದ್ಲು. ಕೈ ಬಿಸಿ ಇತ್ತು."

ಅದು ಕನಸಲ್ಲ, ನಾನೇ! ಇಸ್ತ್ರಿಯ ಬಿಸಿ ನನ್ನ ಕೈಯಿಂದ ಹೋಗುವುದೇ ಇಲ್ಲ.

ಮಗ್ಗುಲ ಇಸ್ತ್ರಿ ಮೇಜಿನ ಅಂಬ್ರೀನ್ ಇದ್ದಾಳಲ್ಲ, ಶೆಡ್ಡಿನ ಹತ್ತಿರವೇ ಇರುವ ಅವಳ ಅಮ್ಮ ಸಾಮಿಯಾ ಚಾಚಿ "ಮಗೂನ ಇಲ್ಲೇ ನಮ್ಮನೇಲಿ ತಂದು ಬಿಡು" ಅಂತ ಎಷ್ಟು ದಿನದಿಂದ ಕರೆಯುತ್ತಾಳೆ. ಅಷ್ಟು ದೂರ, ಅಷ್ಟು ಬೆಳಗ್ಗೆ, ಕೂಸನ್ನು ಬಸ್ಸಿನಲ್ಲಿ ಎಳೆದಾಡಲು ನನಗೆ ಮನಸ್ಸಿಲ್ಲ. ಅವಳು ಕಣ್ಣು ಬಿಟ್ಟಾಗ ನಾನು ಎದುರಿಗಿರಬೇಕು. ನನಗೆ ಬೇಕಾದದ್ದು ಅಷ್ಟೇ. ಅದಕ್ಕೊಂದು ಹತ್ತಿರದ ಕೋಣೆ ಸಾಕು. ಇದಕ್ಕೆ ನಿನ್ನ ಗೆರೆಯ ಮೇಲೆ ಏನು ರೇಟು?

ಈ ಭಾನುವಾರ ಅಂಬ್ರೀನಳನ್ನು ಕರೆದುಕೊಂಡು ನಿಮ್ಮಜ್ಜಿಯ ಮನೆಗೆ ಹೋಗುತ್ತೇನೆ. ಹೊಸ ಸೀರೆ ಉಡುತ್ತೇನೆ, ನಗಬೇಡ.

ಹುಸೇನಮ್ಮ

*

ಶಿವಾಜಿನಗರ
30 ಜೂನ್ 2025

ಹಂಸ,

ಕೋಣೆ ಆಗಲಿಲ್ಲ. ನೀರಿನ ತೊಂದರೆಯಂತೆ. ನಿಮ್ಮಜ್ಜಿ ಕಾಫಿ ಕೊಟ್ಟರು, ಚೆನ್ನಾಗಿತ್ತು.

ಈ ಸಲ ಮೊಹರಂಗೆ ಊರಿಗೆ ಹೋಗುವುದಿಲ್ಲ. ಗಂಡ ರಾಮು ಸೆಂಟ್ರಿಂಗ್ ಕೆಲಸಕ್ಕೆ ಹೊಸಕೋಟೆಯ ಸೈಟಿನಲ್ಲಿದ್ದಾನೆ. ಕೆಲಸ ಇದೆ. ನಿಲ್ಲಿಸುತ್ತೇನೆ.

ಹುಸೇನಮ್ಮ

*

ದೆಹಲಿ
12 ಜುಲೈ 2025

ಹುಸೇನಕ್ಕಾ,

ಕಾಗದ ಎಷ್ಟು ಚಿಕ್ಕದು! ಶೆಡ್ಡಿನಲ್ಲಿ ಕೆಲಸ ಹೆಚ್ಚಾಯಿತೇನೋ.

ಅಜ್ಜಿಗೆ ಫೋನು ಮಾಡಿದ್ದೆ. ಕೋಣೆ ಖಾಲಿಯೇ ಇದೆ ಅಂದಳು. ನೀರು? "ನೀರಿಗೇನಮ್ಮಾ, ಕಾವೇರಿನೂ ಬರ್ತದೆ, ಬೋರೂ ಐತೆ" ಅಂದಳು. ಆಮೇಲೆ ಯಾಕೋ ನನ್ನ ಊಟದ ವಿಷಯ ತೆಗೆದಳು.

ಹಾಗಾದರೆ ನೀನೇ ಬೇಡವೆಂದೆಯಾ? ಅದರಲ್ಲಿ ತಪ್ಪೇನೂ ಇಲ್ಲ. ನಾನು ಓದಿದ್ದರಲ್ಲಿ ಇದಕ್ಕೂ ವಿವರಣೆ ಇದೆ: ಎಲ್ಲರಿಗೂ ದಾರಿಯ ಹೊತ್ತು ಒಂದೇ ರೀತಿ ಭಾರವಲ್ಲ. ನಿನ್ನ ಆ ಮಗ್ಗದ ಕನಸು ಓದಿ ನಾನು ಎರಡು ದಿನ ಮಂಕಾಗಿದ್ದೆ. ನಿನಗೆ ಆ ಬಸ್ಸು ಇಷ್ಟವೇ ಆಗಿರಬೇಕು. ನನ್ನ ಪಟ್ಟಿಯ ಪ್ರಕಾರ ನಿನ್ನ ಒಂದು ಗಂಟೆಯ ಬೆಲೆ ಅರ್ಧ ಲೋಟ ಚಹಾ ಕೂಡ ಆಗುವುದಿಲ್ಲ. ಬೈಬೇಡ, ಇದು ನಾನು ಕಟ್ಟಿದ್ದಲ್ಲ. ನಿನ್ನ ಆಯ್ಕೆಯೇ ಹಾಗೆ ಹೇಳುತ್ತದೆ.

ಶಾಂಭವಿಗೆ ಮುತ್ತು.

ಹಂಸ

*

ಶಿವಾಜಿನಗರ
28 ಜುಲೈ 2025

ಹಂಸ,

ಆಯ್ಕೆ! ಆ ಪದವನ್ನು ಇಸ್ತ್ರಿ ಪೆಟ್ಟಿಗೆಯ ಕೆಳಗೆ ಇಟ್ಟು ಒತ್ತಬೇಕು ಅನ್ನಿಸಿತು.

ನಡೆದದ್ದು ಕೇಳು. ಭಾನುವಾರ ಹೋದೆವು. ನಿಮ್ಮಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ನಿನ್ನ ಹೆಸರು ಹೇಳಿದ ಕೂಡಲೇ ಮುಖ ಅರಳಿತು. "ನಮ್ ಹಂಸ ಕಳ್ಸಿದ್ಲಾ? ಬಾರಮ್ಮ, ಬಾ, ಕೂತ್ಕೋ." ಒಬ್ಬೊಬ್ಬರಿಗೂ ಒಂದೊಂದು ಲೋಟ ಕಾಫಿ. ಆಮೇಲೆ ಮೂಲೆಯ ಕೋಣೆ ತೆಗೆದರು.

ಹಂಸ, ಪೂರ್ವಕ್ಕೆ ಕಿಟಕಿ. ಅದೇ ಕಿಟಕಿ! ಬೆಳಕು ಒಳಗೆ ಬಂದು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿತ್ತು. ಮೇಲೆ ಮೆಟ್ರೋ ಹೋಯಿತು, ಗೋಡೆಯ ಮೇಲೆ ಅದರ ನೆರಳು ಮೀನಿನ ಹಾಗೆ ಈಜಿತು. ಶಾಂಭವಿ ಅಲ್ಲಿ ಕಣ್ಣು ಬಿಡುವುದನ್ನು ನಾನು ಮನಸ್ಸಿನಲ್ಲೇ ನೋಡಿಬಿಟ್ಟೆ. ಅವಳು ಎದ್ದು ನನ್ನನ್ನು ನೋಡಿ, ನಂಬದೆ ಮತ್ತೆ ಕಣ್ಣುಮುಚ್ಚಿದಳು. ಅಷ್ಟರಲ್ಲಿ ನಿಮ್ಮ ತಾತ ಬಂದು ಆಧಾರ್ ಕೇಳಿದರು.

ಕನ್ನಡಕ ಹಾಕಿಕೊಂಡು ಓದಿದರು. "ಹುಸೇನಮ್ಮ ಅಂತೈತೆ?"

"ಹೌದ್ರೀ."

ಅಂಬ್ರೀನಳ ಬುರ್ಖಾ ಕಡೆ ಒಂದು ಸಲ ನೋಡಿದರು. ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿ ಕೊಟ್ಟರು. "ನೋಡಮ್ಮ, ನಾನೇನೂ ಭೇದ ಮಾಡೋನಲ್ಲ. ಆದ್ರೆ ವಠಾರದಾಗೆ ನಾಲ್ಕು ಜನ ಕೇಳ್ತಾರೆ. ಬೀದಿ ಮೂಲೇಲಿ ಅಮ್ಮನ ಗುಡಿ ಐತೆ. ನಿಮ್ಮೋರಿಗೆ ನಿಮ್ಮೋರ ಕಡೆನೇ ಸರಿಹೋಗ್ತದೆ. ಇಲ್ಲಿ ನೀರಿಂದೂ ತೊಂದ್ರೆ."

ನಿಮ್ಮಜ್ಜಿ ಹುಣಸೆ ಬೀಜ ಎಣಿಸುವವರ ಹಾಗೆ ತಲೆ ಬಗ್ಗಿಸಿದರು.

ಒಂದು ಮಾತು, ಹಂಸ. "ನಾವು ಹಿಂದೂಗಳ್ರೀ, ಇದು ಹರಕಿ ಹೆಸರು" ಎಂಬ ಒಂದೇ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಕಿಟಕಿ ನನ್ನದು. ಪಕ್ಕದಲ್ಲಿ ಅಂಬ್ರೀನ್ ನಿಂತಿದ್ದಳು, ಅವರ ಮನೆಯ ಕಾಫಿ ಲೋಟ ಇನ್ನೂ ಅವಳ ಕೈಯಲ್ಲಿತ್ತು. ನಾನು ಆ ಮಾತು ಆಡಿದರೆ ಅದರ ಅರ್ಥ ಏನು? "ಬೇಡವಾದವಳು ನಾನಲ್ಲ, ಇವಳು" ಅಂತ ಬೆರಳು ತೋರಿಸಿದ ಹಾಗೆ. ಸಂಘದಲ್ಲಿ ಘೋಷಣೆ ಕೂಗುವ ಬಾಯಿ ಇದು. ಮುಚ್ಚಿಕೊಂಡು ಹೊರಟು ಬಂದೆ.

ಹೊರಗೆ ಬಂದ ಮೇಲೆ ಬೈದವಳು ಯಾರು ಗೊತ್ತಾ? ಅಂಬ್ರೀನೇ. "ಪಗ್ಲಿ! ಬೋಲ್ ದೇನಾ ಥಾ, ಹೇಳ್ಬಿಡ್ಬೇಕಿತ್ತು. ನಂಗೇನು ಹೊಸದಾ ಇದು? ನಮ್ಮೋರ ಟ್ಯಾನರಿ ರೋಡ್ ದಾಟಿದ್ರೆ ದಿನಾ ಇದೇ ಡೈಲಾಗು. ನೀನು ಮಗು ಮುಖ ನೋಡ್ಬೇಕಿತ್ತು." ಆಮೇಲೆ ಇಬ್ಬರೂ ಬಸ್‌ಸ್ಟಾಪಿನಲ್ಲಿ ಕಡಲೆಕಾಯಿ ತಿಂದೆವು.

ದೂರದ ಶೀಟಿನ ಕೋಣೆಗೆ ನಾನು ಹತ್ತಿರದ ದುಡ್ಡು ಯಾಕೆ ಕೊಡುತ್ತೇನೆ ಅಂತ ಕೇಳಿದೆಯಲ್ಲ? ನಿಮ್ಮ ತಾತನಂಥ ತಾತಂದಿರು ಹಲಸೂರಿನಿಂದ ಮೇಡಹಳ್ಳಿವರೆಗೆ ಸಾಲಾಗಿ ನಿಂತಿದ್ದಾರೆ. ಹೆಸರು ಕೇಳದೆ ಬೀಗ ತೆಗೆಯುವವನು ತನಗೆ ತೋಚಿದ ರೇಟು ಹಾಕುತ್ತಾನೆ.

ಇನ್ನೊಂದು ಕೇಳುತ್ತೇನೆ, ನಿಜ ಹೇಳು. ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತಾ? ಗೆರೆಯ ಮೇಲೆ ಕೂರದವಳನ್ನು ಬೇಕೆಂದೇ ಆ ಬಾಗಿಲಿಗೆ ಕಳಿಸಿ ಏನಾಗುತ್ತದೆ ನೋಡೋಣ ಅಂದುಕೊಂಡೆಯಾ? ನಾನು ನಿನ್ನ ಸಮೀಕ್ಷೆಯ ಕೊನೆಯ ಪ್ರಶ್ನೆಯೇ?

ಹುಸೇನಮ್ಮ

*

ದೆಹಲಿ
20 ಆಗಸ್ಟ್ 2025

ಹುಸೇನಕ್ಕಾ,

ಇಲ್ಲ. ನನ್ನಾಣೆ, ಗೊತ್ತಿರಲಿಲ್ಲ. ನಿನ್ನ ಕಾಗದವನ್ನು ಲೈಬ್ರರಿಯ ಮೆಟ್ಟಿಲ ಮೇಲೆ ಓದಿದೆ. ಇಲ್ಲಿ ಮಳೆ ಹಿಡಿದಿದೆ, ಕೂತಲ್ಲೇ ನೆಂದೆ.

ಆದರೆ ನಾನು ಸುಮ್ಮನಿರಲಿಲ್ಲ. ಆವತ್ತೇ ತಾತನಿಗೆ ಫೋನು ಮಾಡಿದೆ, ಒಂದು ವರ್ಷದ ಮೇಲೆ. ಕೂಗಾಡಿದೆ. "ತಾತಾ, ನೀನು ಓಡಿಸಿದ್ದು ಯಾರನ್ನ ಗೊತ್ತಾ? ಅವ್ರು ಹಿಂದೂಗಳು! ಆ ಕಡೆ ಹರಕೆಗೆ ಅಂಥ ಹೆಸರಿಡ್ತಾರೆ, ಅಷ್ಟೂ ಗೊತ್ತಾಗಲ್ವಾ ನಿಂಗೆ?" ತಾತ "ಅಯ್ಯೋ, ಮೊದ್ಲೇ ಬಾಯಿ ಬಿಟ್ಟು ಹೇಳಿದ್ರೆ ಆಗ್ತಿತ್ತಪ್ಪ" ಅಂದ. ಅಜ್ಜಿ ಹಿಂದಿನಿಂದ ಅಳುತ್ತಿದ್ದಳು.

ಕೋಣೆ ನಿನ್ನದು, ಅಕ್ಕಾ. ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಶಾಂಭವಿ ಇನ್ನು ನಿನ್ನನ್ನು ನೋಡುತ್ತ ಏಳುತ್ತಾಳೆ. ಹೋಗು. ಕೂಡಲೇ ಹೋಗು.

ಹಂಸ

*

ದೆಹಲಿ
2 ಅಕ್ಟೋಬರ್ 2025

ಹುಸೇನಕ್ಕಾ,

ದಸರೆ ಬಂತು, ನಿನ್ನ ಕಾಗದ ಬರಲಿಲ್ಲ. ಬೀಗದ ಕೈ ಇನ್ನೂ ಸೊಂಟದಲ್ಲೇ ಇದೆಯೆಂದು ಅಜ್ಜಿ ಹೇಳುತ್ತಾಳೆ.

ಡಿಸೆಂಬರಿನಲ್ಲಿ ಪ್ರಬಂಧ ಒಪ್ಪಿಸಬೇಕು. ನಿನ್ನನ್ನು ತೆಗೆದುಹಾಕಲು ಗೈಡು ಒತ್ತಾಯಿಸುತ್ತಿದ್ದಾರೆ. ನೀನು ಆ ಕೋಣೆಗೆ ಹೋದರೆ ಎಲ್ಲ ಸರಿಹೋಗುತ್ತದೆ, ನೀನೂ ಗೆರೆಯ ಮೇಲೆ ಬಂದು ಕೂರುತ್ತೀಯ.

ಮೊನ್ನೆ ನಾನೂ ಕನಸು ಕಂಡೆ. ತಾತನ ಹೊಲದಲ್ಲಿ ರಾಗಿ ತೆನೆಯ ಬದಲು ಬೀಗಗಳು ತೂಗುತ್ತಿದ್ದವು. ನೀನು ಒಂದೊಂದನ್ನೇ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ, ನನ್ನ ಕಡೆ ತಿರುಗಲಿಲ್ಲ. ನಾನೇನು ತಪ್ಪು ಮಾಡಿದೆ, ಅಕ್ಕಾ? ಬೈದಾದರೂ ಬರೆ.

ಹಂಸ

*

ಶಿವಾಜಿನಗರ
23 ನವೆಂಬರ್ 2025

ತಂಗಿ ಹಂಸ,

ಬೈಯಲು ಕೂತರೆ ನಿನ್ನ ಮಳೆಯಲ್ಲಿ ನೆಂದ ಮುಖ ಕಣ್ಣಮುಂದೆ ಬರುತ್ತದೆ. ಆದರೂ ಬೈಯುತ್ತೇನೆ. ನಾನು ಹಲ್ಲು ಕಚ್ಚಿ ನುಂಗಿದ ಮಾತನ್ನು ನೀನು ದೆಹಲಿಯಿಂದ ನಿಂತು ಕೂಗಿಬಿಟ್ಟೆ. "ಯಾರನ್ನೇ ಆಗಲಿ ಯಾಕೆ ಓಡಿಸಿದೆ ತಾತಾ" ಅಂತ ಕೇಳಬೇಕಿತ್ತು ನೀನು. "ಇವಳು ಅವಳಲ್ಲ" ಅಂದೆ. ಬಾಗಿಲು ತೆಗೆಸಲಿಲ್ಲ ತಂಗಿ, ಸಲೀಸಾಗಿ ಮುಚ್ಚಲೆಂದು ಬಾಗಿಲಿಗೆ ಎಣ್ಣೆ ಹಾಕಿದೆ.

ನನ್ನನ್ನು ದೊಡ್ಡವಳು ಅಂದುಕೊಳ್ಳಬೇಡ. ದಸರೆ ಮುಗಿದ ಮೇಲೆ ನಾನು ಹೋದೆ. ಆ ಕಿಟಕಿ ಬಿಡಲಿಲ್ಲ ನನ್ನನ್ನು. ಬಸ್ಸಿನಲ್ಲಿ ದಿನವೂ ಬಂದು ಕೆರೆಯ ಮೇಲೆ ನಿಲ್ಲುತ್ತಿತ್ತು. ಮಗಳನ್ನೂ ಕರೆದುಕೊಂಡು ಹೋದೆ. ಅವಳು ನೆಲದ ಬಿಸಿಲಿನ ಚಾಪೆಯ ಮೇಲೆ ಮಲಗಿ, "ಇದು ಯಾರ ಮನಿ?" ಅಂದಳು. ನಿಮ್ಮಜ್ಜಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ನಿಂದೇ ಅಂದ್ಕೋ ಕಣಮ್ಮ. ಮೊದ್ಲೇ ಹೇಳ್ಬಾರ್ದಿತ್ತಾ? ಅದಿರ್ಲಿ, ನೀವು ಯಾರ ಪೈಕಿ?"

"ನಾವು ಇಸ್ತ್ರಿ ಪೈಕಿ, ಅಮ್ಮಾ" ಅಂದೆ. ಪಾಪ, ನಕ್ಕರು. ನಕ್ಕು, ದನಿ ಇಳಿಸಿದರು: "ನಮ್ಮೆಜಮಾನ್ರು ಒಂದು ಮಾತು ಕೇಳು ಅಂದವ್ರೆ. ಆವತ್ತು ಜೊತೇಲಿ ಬಂದಿದ್ಲಲ್ಲ, ಆ ಹುಡ್ಗಿ. ಅವ್ಳು ಈ ಕಡೆ ಬಂದೂ ಹೋಗೀ ಮಾಡಲ್ಲ ತಾನೆ?"

ಬಾಡಿಗೆ ಎಷ್ಟೆಂದು ನನಗೆ ಆಗ ತಿಳಿಯಿತು.

ಬೆರಳು ಬಿಚ್ಚಿ ಬೀಗದ ಕೈಯನ್ನು ಅವರ ಹುಣಸೆಹಣ್ಣಿನ ಮೊರದಲ್ಲಿಟ್ಟೆ. "ಅಮ್ಮಾ, ಜೂನಿನಲ್ಲಿ ಬಂದದ್ದೂ ಇದೇ ಹುಸೇನಮ್ಮ. ಆವತ್ತು ಬೇಡವಾಗಿದ್ದವಳು ಇವತ್ತೂ ಬೇಡವಾಗಿಯೇ ಇರಲಿ" ಅಂದೆ. ಕೆಟ್ಟವರಲ್ಲ ನಿಮ್ಮಜ್ಜಿ, ಅದೇ ನನ್ನ ಸಿಟ್ಟು. ಮಗಳು ಚಾಪೆ ಬಿಟ್ಟು ಏಳಲು ಒಪ್ಪಲಿಲ್ಲ. ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತೆವು, ಅವಳೂ, ನಾನೂ. ಇದನ್ನೂ ಬರಕೋ.

ಮಾರನೆಯ ದಿನ ಅಂಬ್ರೀನಳಿಗೆ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ಈಗ ನನ್ ಮಾತು ಕೇಳು. ನಾಳೆ ಮಗೂನ ತಗೊಂಡ್ ಬಾ. ಅಮ್ಮಿಗೂ ಟೈಮ್ ಪಾಸ್ ಆಗ್ಬೇಕು." ನಾನು ಬಸ್ಸು, ದೂರ, ಚಳಿ ಅಂದೆ. "ಅರೇ, ನಿನ್ ಬಸ್ಸಿಗೆ ನೀನೇ ಯಾಕೆ ಹಂಗೆ ಬೈತೀಯ? ದಿನಾ ಅದ್ರಲ್ಲಿ ಕನಸು ಕಾಣೋಳು ನೀನೇ ಅಲ್ವಾ?"

ಅತ್ತೆ ಒಪ್ಪಲಿಲ್ಲ. "ಕೂಸಿಲ್ಲದ ಮನ್ಯಾಗ ನಾ ಏನ ಮಾಡ್ಲಿ?" ಅಂತ ಒಂದು ದಿನ ಉಣ್ಣಲಿಲ್ಲ. ಈಗ ಫೋನು ಪೂರ್ತಿ ಅವಳದೇ. ಧಾರಾವಾಹಿ ನೋಡುತ್ತಾಳೆ, ಮಧ್ಯಾಹ್ನ ನಾನು ಅಂಬ್ರೀನಳ ಫೋನಿನಿಂದ ಮಾಡಿದರೆ "ಈಗ ಬ್ಯಾಡ, ಆಮ್ಯಾಲ ಮಾಡು" ಅನ್ನುತ್ತಾಳೆ.

ಮೊದಲ ದಿನ ಮಗಳನ್ನು ಶಾಲಿನಲ್ಲಿ ಸುತ್ತಿ, ನಿದ್ದೆಯಲ್ಲೇ ಎತ್ತಿಕೊಂಡು ಬಸ್ಸು ಹತ್ತಿದೆ. ಮಂಜು. ಊರೆಲ್ಲ ಯಾರೋ ಇಸ್ತ್ರಿ ಮಾಡಿ ಹಾಸಿದ ಹಾಗೆ. ತೂಗುಸೇತುವೆಯ ತಂತಿಗಳು ಆಕಾಶದೊಳಗೆ ಹೋಗಿ ಕಾಣೆಯಾಗಿದ್ದವು. ಎಂದಿನಂತೆ ನನ್ನ ಕಣ್ಣು ಮುಚ್ಚಿತು, ಮಗ್ಗಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಕೆನ್ನೆಯ ಮೇಲೆ ಒಂದು ತಣ್ಣನೆಯ ಪುಟ್ಟ ಕೈ. ಕಣ್ಣು ಬಿಟ್ಟೆ. ನನ್ನ ತೊಡೆಯ ಮೇಲೆ ಶಾಂಭವಿ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅವ್ವಾ, ನಾ ಎದ್ದಮ್ಯಾಲೂ ನೀ ಇದ್ದೀ?"

ಇದ್ದೀನಿ ಅಂದೆ. ನಂಬಲಿಲ್ಲ. ಮೂಗು ಹಿಡಿದು ನೋಡಿದಳು.

ಬೆನ್ನಿಗಾನಹಳ್ಳಿಯ ಕೆರೆ ಕಂಡಾಗ "ಇಷ್ಟು ಹಾಲು ಯಾರು ಚೆಲ್ಯಾರ?" ಅಂದಳು. ಇಂದಿರಾನಗರದ ಅಂಗಡಿಗಳಿಗೆಲ್ಲ ಕೈ ಬೀಸಿದಳು. ಕಂಡಕ್ಟರ್ ಟಿಕೆಟ್ಟಿನ ಒಂದು ಚೂರು ಹರಿದು ಅವಳ ಕೈಗೂ ಕೊಟ್ಟ. ಆ ದಿನದಿಂದ ನಾನು ಬಸ್ಸಿನಲ್ಲಿ ನಿದ್ದೆ ಮಾಡಿಲ್ಲ. ಆ ಕಿಟಕಿಯ ಕೋಣೆಯೂ ಕನಸಿಗೆ ಬರುತ್ತಿಲ್ಲ.

ಆದರೆ ಹುಷಾರು! ಇದನ್ನು ಓದಿ "ಬಡವರಿಗೆ ದೂರವೇ ಸುಖ" ಅಂತ ಬರೆದೀಯ. ಸಂಜೆ ಅದೇ ಬಸ್ಸಿನಲ್ಲಿ ನಿಂತು, ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬರುವಾಗ ನನ್ನ ಬೆನ್ನು ಏನು ಹೇಳುತ್ತದೆಂದು ನನಗೆ ಗೊತ್ತು. ಹತ್ತಿರದ ಕೋಣೆ ನನಗೂ ಬೇಕು, ಟ್ಯಾನರಿ ರೋಡಿನಾಚೆ ಕೋಣೆ ಅಂಬ್ರೀನಳಿಗೂ ಬೇಕು. ಜನವರಿಯಲ್ಲಿ ಸಂಘದಿಂದ ಧರಣಿ ಕೂರುತ್ತಿದ್ದೇವೆ: ಹೆಸರು ಕೇಳಿ ಬೀಗ ಹಾಕುವವರ ವಿರುದ್ಧ. ನೀನು ಬರಬೇಕು, ನಿಮ್ಮ ತಾತನ ಮೊಮ್ಮಗಳಾಗಿಯೇ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು. ಪ್ರಬಂಧದಿಂದ ನನ್ನನ್ನು ತೆಗೆಯಬೇಡ. ಗೆರೆ ನನ್ನನ್ನು ಬಿಟ್ಟು ಹೋಗಿದ್ದರೆ ಗೆರೆಯನ್ನು ಸರಿಮಾಡು.

ಮಾತು ಮುಗಿಸುವ ಮೊದಲು ಇಷ್ಟು. ಆ ಮೊದಲ ದಿನ ಶಿವಾಜಿನಗರ ಬಂತು. ಬಸ್ಸು ಖಾಲಿಯಾಯಿತು. ಕಂಡಕ್ಟರ್ "ಇಳೀರಮ್ಮ, ಲಾಸ್ಟ್ ಸ್ಟಾಪು" ಅಂದ. ಶಾಂಭವಿ ಸೀಟಿನ ಕಂಬಿ ಬಿಡಲಿಲ್ಲ. ನನ್ನ ಕಡೆ ತಿರುಗಿ, ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು ಅಂದಳು:

"ಅವ್ವಾ, ಶಿವಾಜಿನಗರ ಇನ್ನಾ ದೂರ ಇದ್ದಿದ್ರ ಚಲೋ ಇತ್ತು."

ಹುಸೇನಮ್ಮ